ಕಾಳಿ ಕಣಿವೆಯ ಮಂಗಟ್ಟೆಗಳು ಮತ್ತು ಪೊಟರೆ ಮರಗಳು

ಬೀಜ ಪ್ರಸಾರದ ಪ್ರಶ್ನೆ ಬಂದರೆ ನಾವು ಗಾಳಿ, ನೀರು, ಪ್ರಾಣಿಪಕ್ಷಿಗಳು ಎಂದು ಬರೆದು ಮುಂದೆ ಹೋಗುತ್ತೇವೆ. ಆ ಕೊನೆಯ ಶಬ್ದದಲ್ಲಿ ಎಷ್ಟು ದೊಡ್ಡ ಕೆಲಸ ಅಡಗಿದೆ ಎಂದು ನನಗೆ ಗೊತ್ತಾದದ್ದು ದಾಂಡೇಲಿಯಲ್ಲಿ. ಅದು ನನ್ನ ತಾಯಿಯ ತವರು. ನನ್ನ ನಾನಾ ಅಲ್ಲಿನ ಮರದ ಡಿಪೋದಲ್ಲಿ ಕೆಲಸ ಮಾಡಿದವರು.

ದಾಂಡೇಲಿ ಕಾಳಿ ನದಿಯ ದಂಡೆಯ ಊರು. ಉತ್ತರ ಕನ್ನಡದ ಘಟ್ಟದಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುವ ಈ ನದಿಯ ಕಾಡಿನಲ್ಲಿ, ಪಶ್ಚಿಮ ಘಟ್ಟದ ನಾಲ್ಕೂ ಜಾತಿಯ ಹಾರ್ನ್‌ಬಿಲ್‌ಗಳಿವೆ. ಕನ್ನಡದಲ್ಲಿ ಇವಕ್ಕೆ ಮಂಗಟ್ಟೆ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡದು ಗ್ರೇಟ್ ಹಾರ್ನ್‌ಬಿಲ್. ಇದು ಹಾರುವಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯಂತೆ ದೂರದಿಂದಲೇ ಕೇಳಿಸುತ್ತದೆ. ಕಪ್ಪು ಬಿಳುಪಿನ ಮಲಬಾರ್ ಪೈಡ್ ಹಾರ್ನ್‌ಬಿಲ್ ದಾಂಡೇಲಿಯ ಸುತ್ತ ಹೆಚ್ಚಾಗಿ ಕಾಣುತ್ತದೆ. ಉಳಿದೆರಡು ಬೂದುಬಣ್ಣದವು, ಅವುಗಳಲ್ಲಿ ಮಲಬಾರ್ ಗ್ರೇ ಎಂಬುದು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಮಂಗಟ್ಟೆಯ ಸಂಸಾರ ವಿಚಿತ್ರವಾದದ್ದು. ಬೇಸಿಗೆಯ ಮೊದಲು ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆ ಮತ್ತು ಆಹಾರದ ಚೂರುಗಳನ್ನು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಉದ್ದನೆಯ ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಮೊಟ್ಟೆ ಇಟ್ಟು ಕಾವು ಕೊಡುವಾಗ ಅದರ ರೆಕ್ಕೆ ಮತ್ತು ಬಾಲದ ಗರಿಗಳು ಉದುರಿ ಹೊಸದಾಗಿ ಬೆಳೆಯುತ್ತವೆ. ಆ ಅವಧಿಯಲ್ಲಿ ಅದಕ್ಕೆ ಹಾರಲಾಗದು. ತಾಯಿಗೂ ಮರಿಗೂ ಊಟ ತರುವವನು ಗಂಡು. ಕಳೆದ ಏಪ್ರಿಲ್‌ನಲ್ಲಿ ನಾನಾ ನನಗೆ ದೂರದಿಂದ ಇದನ್ನು ತೋರಿಸಿದರು. ಗಂಡು ಬಂದು ಸೀಳಿನ ಬಳಿ ಕುಳಿತು, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಒಳಗೆ ಕೊಟ್ಟಿತು. ನಾನು ಎಣಿಸಿದೆ, ಹದಿನೇಳು! ಇಂಥ ದಿನಗಳಲ್ಲಿ ಗಂಡನ್ನು ಯಾರಾದರೂ ಹೊಡೆದರೆ ಅಪಾಯ ಒಂದು ಹಕ್ಕಿಗಲ್ಲ, ಇಡೀ ಮನೆಗೆ.

ಆ ಹಣ್ಣುಗಳಲ್ಲಿ ಹೆಚ್ಚಿನವು ಆಲ, ಬಸರಿ, ಅತ್ತಿಯಂಥ ಮರಗಳವು. ಈ ಮರಗಳು ಒಂದೇ ಕಾಲಕ್ಕೆ ಹಣ್ಣು ಬಿಡದೆ ಒಂದಾದ ಮೇಲೊಂದು ಬಿಡುವುದರಿಂದ ಕಾಡು ಒಣಗಿದಾಗಲೂ ಹಕ್ಕಿಗೆ ಆಹಾರ ಸಿಗುತ್ತದೆ. ನಮಗೆ ವಿಷವಾದ ಕಾಸರಕದ ಹಣ್ಣನ್ನೂ ಮಂಗಟ್ಟೆ ತಿನ್ನುತ್ತದೆ. ಅದು ಬೀಜವನ್ನು ಅಗಿಯುವುದಿಲ್ಲ. ದೊಡ್ಡ ಬೀಜಗಳನ್ನು ಹಾಗೆಯೇ ಉಗುಳುತ್ತದೆ, ಸಣ್ಣವು ಹಿಕ್ಕೆಯಲ್ಲಿ ಬೀಳುತ್ತವೆ. ದೊಡ್ಡ ಬೀಜದ ಹಣ್ಣು ನುಂಗಿ ದೂರ ಒಯ್ಯಬಲ್ಲ ಹಕ್ಕಿಗಳು ಕಾಡಿನಲ್ಲಿ ಬಹಳ ಇಲ್ಲ.

ಈಗ ಮುಖ್ಯ ತೊಡಕು. ಮರಕುಟಿಗದಂತೆ ಮಂಗಟ್ಟೆ ಮರ ಕೊರೆಯಲಾರದು. ಕೊಂಬೆ ಮುರಿದು ಕೊಳೆತ ಜಾಗ ಅಥವಾ ಬೇರೆ ಹಕ್ಕಿ ಕೊರೆದ ತೂತು ದೊಡ್ಡದಾದರೆ ಮಾತ್ರ ಅದಕ್ಕೆ ಮನೆ. ಅಂಥ ಪೊಟರೆ ತಾರೆಯಂಥ ಮರಗಳು ಹಳತಾಗಿ ದಪ್ಪಗಾದ ಮೇಲೆ ಸಿಗುತ್ತದೆ. ನಾನಾ ಹೇಳುವಂತೆ, "ಟೊಳ್ಳು ಮರಕ್ಕೆ ಹರಾಜಿನಲ್ಲಿ ಬೆಲೆಯೇ ಇರಲಿಲ್ಲ, ಸೌದೆ ಲೆಕ್ಕಕ್ಕೆ ಹೋಗುತ್ತಿತ್ತು." ಆಲ, ಅತ್ತಿಗೂ ಹಾಗೆಯೇ, ಒಳ್ಳೆಯ ನಾಟಾ ಅಲ್ಲ. ಅಂದರೆ ಡಿಪೋಗೆ ಬೇಡವಾದ ಮರಗಳೇ ಹಕ್ಕಿಯ ಮನೆ ಮತ್ತು ಅಡುಗೆಮನೆ. ದಾಂಡೇಲಿ ಸುತ್ತಲಿನ ತೇಗದ ತೋಪುಗಳು ದೂರದಿಂದ ಹಸಿರಾಗಿ ಕಾಣುತ್ತವೆ, ಆದರೆ ಮಂಗಟ್ಟೆಗೆ ಅಲ್ಲಿ ತಿನ್ನಲು ಹಣ್ಣಿಲ್ಲ. ಪರಿಸರ ದಿನದಂದು ನಾವು ನೆಡುವ ಸಸಿಯಲ್ಲಿ ಪೊಟರೆ ಆಗುವ ಹೊತ್ತಿಗೆ ನಮ್ಮ ಮೊಮ್ಮಕ್ಕಳ ಪಿಯುಸಿ ಮುಗಿದಿರುತ್ತದೆ! ಸಸಿ ನೆಡುವುದು ಬೇಡ ಎನ್ನುತ್ತಿಲ್ಲ. ಇರುವ ಮುದಿ ಮರವನ್ನು ಕಡಿದು ಸಸಿ ನೆಟ್ಟರೆ ಲೆಕ್ಕ ಸರಿಹೋಗದು ಎನ್ನುತ್ತಿದ್ದೇನೆ.

2011ರಲ್ಲಿ ಸರ್ಕಾರ ಇಲ್ಲಿ ಸುಮಾರು 52 ಚದರ ಕಿ.ಮೀ. ಕಾಡನ್ನು ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಸಂರಕ್ಷಣಾ ಮೀಸಲು ಎಂದರೆ ರಾಷ್ಟ್ರೀಯ ಉದ್ಯಾನ ಅಲ್ಲ. ಸರ್ಕಾರಿ ಜಮೀನಿನಲ್ಲಿ ಮಾತ್ರ, ಸ್ಥಳೀಯರೊಂದಿಗೆ ಸಮಾಲೋಚಿಸಿ ಇದನ್ನು ಮಾಡಬೇಕು. ಒಳಗಿರುವ ಜನರ ಹಕ್ಕುಗಳಿಗೆ ಧಕ್ಕೆಯಿಲ್ಲ. ನನಗೆ ಈ ಕ್ರಮ ಹಿಡಿಸಿತು, ಏಕೆಂದರೆ ಗೂಡಿನ ಮರ ಎಲ್ಲಿದೆ ಎಂದು ಮೊದಲು ತಿಳಿಯುವುದು ಅಲ್ಲಿನ ಜನರಿಗೇ. ಆದರೆ ಹಕ್ಕಿಗೆ ಮೀಸಲಿನ ಗಡಿ ತಿಳಿಯದು. ರೆಸಾರ್ಟ್‌ಗಳು ಏಳುತ್ತಿರುವ ನದಿದಂಡೆಯಲ್ಲೂ, ಊರೊಳಗಿನ ಡಿಪೋದಲ್ಲೂ ಹಳೆಯ ಮರಗಳಿವೆ.

ರಜೆಯಲ್ಲಿ ದಾಂಡೇಲಿಗೆ ಹೋಗುವವರು ಬೆಳಿಗ್ಗೆ ಬೇಗ ಡಿಪೋದ ಕಡೆ ಹೋಗಿ ನೋಡಿ, ಹಣ್ಣು ಬಿಟ್ಟ ಆಲದ ಮರ ಇದ್ದರೆ ಇನ್ನೂ ಒಳ್ಳೆಯದು. ಫೆಬ್ರವರಿಯಿಂದ ಮೇವರೆಗೆ ಗೂಡಿನ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಫೋಟೊಗಾಗಿ ಜನ ಅಲ್ಲಿ ನೆರೆದರೆ ಗಂಡು ಹಣ್ಣು ಹೊತ್ತುಕೊಂಡು ದೂರದ ಕೊಂಬೆಯಲ್ಲೇ ಕಾಯುತ್ತದೆ, ಒಳಗಿನ ತಾಯಿ ಮತ್ತು ಮರಿಗೆ ಊಟ ತಡವಾಗುತ್ತದೆ.