ನಿಮಗಿದು ಗೊತ್ತೆ? ಪೈಥಾನ್‌ನಲ್ಲಿ ಬರೆದದ್ದು ಸಿ ಪ್ಲಸ್ ಪ್ಲಸ್ ಆಗುತ್ತದೆ!
ಯಮನೂರು ಜಾತ್ರೆಯಲ್ಲಿ, ಬೆಣ್ಣೆಹಳ್ಳದ ದಂಡೆಯ ಮೇಲೆ ಮೊಬೈಲಿನಲ್ಲಿ ತೆಗೆದ ಫೋಟೊ ತೆರೆಗೆ ಬರುವ ಮೊದಲು ಬಣ್ಣ ತಿದ್ದುವ, ಅಂಚು ಚೂಪಾಗಿಸುವ ಹಲವು ಹಂತ ದಾಟುತ್ತದೆ. ಇದಕ್ಕೆ ವೇಗದ ಪ್ರೋಗ್ರಾಂ ಬರೆಯುವುದು ಪರಿಣತರಿಗೂ ತ್ರಾಸಿನ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರವಿ ತೇಜ ಮುಲ್ಲಪುಡಿ, ವಿನಯ್ ವಸಿಷ್ಠ, ಉದಯ್ ಬೊಂಧುಗುಲ ರೂಪಿಸಿ 2015ರಲ್ಲಿ ಪ್ರಕಟಿಸಿದ ‘ಪಾಲಿಮೇಜ್’ ಕಂಪೈಲರ್ (ಪ್ರೋಗ್ರಾಂ ಅನುವಾದಿಸುವ ತಂತ್ರಾಂಶ) ಆ ಭಾರ ಹೊರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೊಳಗೇ ಕಟ್ಟಿದ ಪುಟ್ಟ ಭಾಷೆಯಲ್ಲಿ ಏನಾಗಬೇಕೆಂದಷ್ಟೇ ಬರೆದರೆ ಸಾಕು, ಅದನ್ನು ಇನ್ನೊಂದು ಭಾಷೆಯಾದ ಸಿ ಪ್ಲಸ್ ಪ್ಲಸ್‌ಗೆ ತಿರುಗಿಸುತ್ತದೆ. ತಿರುಗಿಸುವಾಗಲೇ ಹಂತಗಳನ್ನು ಬೆಸೆದು, ಚಿತ್ರವನ್ನು ತುಂಡುತುಂಡಾಗಿಸಿ, ಪ್ರೊಸೆಸರಿನ ಕೋರ್‌ಗಳಿಗೆ ಕೆಲಸ ಹಂಚುತ್ತದೆ. ಇದರಿಂದ ಮೆಮೊರಿಗೆ ದತ್ತಾಂಶದ ಓಡಾಟ ತಗ್ಗುತ್ತದೆ. ಮೆಚ್ಚಬೇಕಾದ ಜಾಣ್ಮೆ ಇರುವುದು ಇಲ್ಲೇ. ಅಲ್ಲಿಂದ ಯಂತ್ರಭಾಷೆಗೆ ಇಳಿಸುವುದು ಸಾಮಾನ್ಯ ಸಿ ಪ್ಲಸ್ ಪ್ಲಸ್ ಕಂಪೈಲರಿನ ಕೆಲಸ.