ಅರಿವಿನ ಎಲ್ಲೆ ಎಲ್ಲಿದೆ?

ಮಾನವನು ಏನನ್ನು ಅರಿಯಬಲ್ಲನು? ಏನನ್ನು ಎಂದೆಂದಿಗೂ ಅರಿಯಲಾರನು? ಈ ಪ್ರಶ್ನೆಗಳು ಬಹು ಹಳೆಯವು. ನಿಶ್ಚಿತವಾದ ಜ್ಞಾನವೆಂಬುದು ನಮಗೆ ದೊರಕೀತೆ ಎಂದು ಶಂಕಿಸುವವರನ್ನು ಸಂಶಯವಾದಿಗಳೆನ್ನುತ್ತೇವೆ. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸೂರ್ಯನು ಇದುವರೆಗೆ ದಿನವೂ ಉದಯಿಸಿದ್ದಾನೆ. ಆದರೆ ಅಷ್ಟರಿಂದಲೇ ನಾಳೆಯೂ ಉದಯಿಸುವನೆಂದು ತರ್ಕದಿಂದ ಸಾಧಿಸಲಾಗದೆಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ವಾದಿಸಿದನು. ಭೌತವಿಜ್ಞಾನದ ನಿಯಮಗಳೂ ಅನುಭವವನ್ನೇ ಆಧರಿಸಿವೆ. ಆದುದರಿಂದಲೇ ವಿಜ್ಞಾನವು ಅವನ್ನು ಅಂತಿಮ ಸತ್ಯಗಳೆಂದು ಸಾರದೆ, ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡುತ್ತದೆ.

ಆದರೆ ‘ಇನ್ನೂ ತಿಳಿದಿಲ್ಲ’ ಎಂಬುದಕ್ಕೂ ‘ಎಂದೂ ತಿಳಿಯದು’ ಎಂಬುದಕ್ಕೂ ಬಹಳ ಅಂತರವುಂಟು. ಇದನ್ನು ಮರೆತರೆ ಏನಾಗುವುದೆಂಬುದಕ್ಕೆ ನಕ್ಷತ್ರಗಳ ಕಥೆಯೇ ಸಾಕ್ಷಿ.

ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕೋಂಟ್ 1835ರಲ್ಲಿ ಹೀಗೆ ನಿರ್ಣಯಿಸಿದನು: ನಕ್ಷತ್ರಗಳ ದೂರ, ಗಾತ್ರ, ಚಲನೆಗಳನ್ನು ನಾವು ತಿಳಿಯಬಹುದು, ಅವು ಯಾವ ದ್ರವ್ಯಗಳಿಂದಾದವು ಎಂಬುದನ್ನು ಮಾತ್ರ ಎಂದೂ ತಿಳಿಯಲಾರೆವು. ಮೇಲುನೋಟಕ್ಕೆ ಇದು ಯುಕ್ತವಾಗಿಯೇ ತೋರುತ್ತದೆ. ನಕ್ಷತ್ರದ ತುಣುಕೊಂದನ್ನು ಪ್ರಯೋಗಶಾಲೆಗೆ ತರುವವರಾರು?

ಆದರೆ ತುಣುಕು ಬಾರದಿದ್ದರೂ ಬೆಳಕು ಬರುತ್ತಲೇ ಇತ್ತು. ಜರ್ಮನಿಯ ಫ್ರೌನ್‌ಹೋಫರ್ 1814ರಲ್ಲಿಯೇ ಗಾಜಿನ ಪ್ರಿಸಂ ಹಾಯ್ದ ಸೂರ್ಯನ ಬೆಳಕಿನಲ್ಲಿ, ಏಳು ಬಣ್ಣಗಳ ನಡುವೆ, ನೂರಾರು ಕಪ್ಪು ಗೆರೆಗಳನ್ನು ಕಂಡಿದ್ದನು. ಅವುಗಳ ಅರ್ಥವನ್ನು 1859ರಲ್ಲಿ ಬಿಡಿಸಿದವನು ಕಿರ್ಕಾಫ್. ಅಡಿಗೆಯ ಉಪ್ಪನ್ನು ಜ್ವಾಲೆಗೆ ಹಿಡಿದರೆ ಹಳದಿ ಬಣ್ಣ ಹೊಮ್ಮುವುದನ್ನು ನಾವು ಪ್ರಯೋಗಶಾಲೆಯಲ್ಲಿ ಕಾಣುತ್ತೇವೆ. ಅದು ಸೋಡಿಯಂನ ಗುರುತು. ಹೀಗೆ ಕಾದ ಅನಿಲರೂಪದಲ್ಲಿ ಪ್ರತಿ ಮೂಲವಸ್ತುವೂ ತನ್ನದೇ ಆದ ಬಣ್ಣಗಳನ್ನು ಸೂಸುತ್ತದೆ. ತನ್ನ ಮೂಲಕ ಹಾಯುವ ಬೆಳಕಿನಿಂದ ಅವೇ ಬಣ್ಣಗಳನ್ನು ಹೀರಲೂ ಬಲ್ಲದು. ಸೂರ್ಯನ ಹೊರಪದರದ ಅನಿಲಗಳು ಹೀಗೆ ಹೀರಿಕೊಂಡ ಬಣ್ಣಗಳ ಸ್ಥಾನವೇ ಆ ಕಪ್ಪು ಗೆರೆಗಳು. ಕೋಂಟ್ ತೀರಿಕೊಂಡು ಆಗ ಎರಡೇ ವರ್ಷಗಳಾಗಿದ್ದವು. ಅವನು ‘ಅಸಾಧ್ಯ’ವೆಂದು ಬರೆದಾಗ ಉತ್ತರದ ಲಿಪಿ ಕಣ್ಣೆದುರಿಗೇ ಇತ್ತು, ಓದುವ ಬಗೆ ಮಾತ್ರ ತಿಳಿದಿರಲಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನಮ್ಮ ದೇಶದ ಗುಂಟೂರಿನಿಂದ ವೀಕ್ಷಿಸಿ, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ವಿಶ್ಲೇಷಿಸಿದನು. ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ಆ ಜ್ವಾಲೆಗಳ ಒಂದು ಹಳದಿ ಗೆರೆಯು ಸೋಡಿಯಂನದಲ್ಲವೆಂದು ಕಂಡನು. ಅದು ಹೀಲಿಯಂನದು. ಭೂಮಿಯ ಮೇಲೆ ಆ ಅನಿಲವನ್ನು ರ‍್ಯಾಮ್ಸೆ ಬೇರ್ಪಡಿಸಿದುದು 1895ರಲ್ಲಿ. ತಿಳಿಯಲಾಗದೆಂದ ಸೂರ್ಯನಲ್ಲಿ ಮೊದಲು ತಿಳಿದು, ಕಾಲಡಿಯ ನೆಲದಲ್ಲಿ ಆಮೇಲೆ ದೊರೆಯಿತು!

ಹಾಗಾದರೆ ಅರಿವಿಗೆ ಎಲ್ಲೆಯೇ ಇಲ್ಲವೆ? ಉಂಟು. ಎಲೆಕ್ಟ್ರಾನಿನ ಸ್ಥಾನ ಮತ್ತು ಸಂವೇಗ ಇವೆರಡನ್ನೂ ಏಕಕಾಲದಲ್ಲಿ ಎಷ್ಟಾದರೂ ನಿಖರವಾಗಿ ನಿರ್ಧರಿಸಲಾಗದೆಂದು ಹೈಸನ್‌ಬರ್ಗ್ 1927ರಲ್ಲಿ ತೋರಿಸಿದನು. ಒಂದರ ಅನಿಶ್ಚಿತತೆಯನ್ನು ಕುಗ್ಗಿಸಿದಷ್ಟೂ ಇನ್ನೊಂದರದು ಹಿಗ್ಗುತ್ತದೆ. ಇದು ಉಪಕರಣಗಳ ಕೊರತೆಯಲ್ಲ. ಕ್ವಾಂಟಂ ಸಿದ್ಧಾಂತದಿಂದಲೇ ಹೊಮ್ಮುವ ಮಿತಿ.

ಕೋಂಟನ ಎಲ್ಲೆ ಅಂದಿನ ಉಪಾಯಗಳ ಅಭಾವದಿಂದ ಹುಟ್ಟಿತು. ಹೈಸನ್‌ಬರ್ಗನ ಎಲ್ಲೆ, ಪ್ರಯೋಗಗಳಲ್ಲಿ ಗೆದ್ದುಬಂದ ಸಿದ್ಧಾಂತದಿಂದ. ಆದುದರಿಂದ ‘ಇದನ್ನು ಎಂದೂ ತಿಳಿಯಲಾಗದು’ ಎಂದು ಯಾರಾದರೂ ಹೇಳಿದರೆ, ನಿಸರ್ಗದ ಯಾವ ನಿಯಮವು ಅದನ್ನು ತಡೆಯುತ್ತದೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಉತ್ತರವಿಲ್ಲದಿದ್ದರೆ ಆ ಪ್ರಶ್ನೆಯನ್ನು ಕೈಬಿಡಲು ಕಾರಣವೂ ಇಲ್ಲ.