ರಿಪೋರ್ಟ್ ಕೈಗೆ ಬಂದ ಮೇಲೆ...

ಮೂರು ತಿಂಗಳಾಗುತ್ತಿದ್ದಂತೆ ಡಾಕ್ಟರ್ ಸ್ಕ್ಯಾನಿಂಗ್ ಜೊತೆಗೆ 'ಡಬಲ್ ಮಾರ್ಕರ್' ಅಂತ ಒಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಶುಗರ್, ಹಿಮೋಗ್ಲೋಬಿನ್ ಥರ ಇದೂ ಒಂದು ಅಂದುಕೊಂಡು ರಕ್ತ ಕೊಟ್ಟು ಬರುತ್ತೀರಿ. ರಿಪೋರ್ಟಿನಲ್ಲಿ 'ಹೈ ರಿಸ್ಕ್, 1:150' ಎಂದು ಕಂಡಾಗ ಕೈಕಾಲು ತಣ್ಣಗಾಗುತ್ತದೆ. ಮನೆಯಲ್ಲಿ ಪಂಚಾಯಿತಿ ಶುರು. 'ಇನ್ನೂ ವಯಸ್ಸಿದೆ, ತೆಗೆಸಿಬಿಡು' ಅಂತ ಒಬ್ಬರು. 'ದೇವರು ಕೊಟ್ಟಿದ್ದು, ಪಾಪ ಕಟ್ಟಿಕೋಬೇಡ' ಅಂತ ಇನ್ನೊಬ್ಬರು.

ಸ್ವಲ್ಪ ತಡೆಯಿರಿ. ಇಂಥದೇ ರಿಪೋರ್ಟ್ ಬಂದ 150 ಗರ್ಭಿಣಿಯರಲ್ಲಿ ಸುಮಾರು 149 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಇದು ಬರೀ ಅಂದಾಜು. ದುಬಾರಿ 'ಎನ್‌ಐಪಿಟಿ' ಇದಕ್ಕಿಂತ ನಿಖರ, ಆದರೂ ಕೊನೆಯ ಮಾತಲ್ಲ. ಖಚಿತವಾಗಬೇಕಾದರೆ 15 ವಾರ ತುಂಬಿದ ಮೇಲೆ ಹೊಟ್ಟೆಗೆ ಸೂಜಿ ಹಾಕಿ ಗರ್ಭಜಲ ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್ ಆಗಬೇಕು. ಅದರಿಂದ ಗರ್ಭಪಾತವಾಗುವ ಸಣ್ಣ ಅಪಾಯವೂ ಉಂಟು.

ಖಚಿತವಾಯಿತು ಅಂದುಕೊಳ್ಳಿ. ಮುಂದೇನು? ಎಲ್ಲ ಕಾಯಿಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ತಲೆಬುರುಡೆ, ಮಿದುಳು ಬೆಳೆಯದ ಮಗು ಹುಟ್ಟಿದರೂ ಬದುಕುವುದಿಲ್ಲ. ಥಲಸ್ಸೀಮಿಯಾ ಮೇಜರ್ ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಡೌನ್ ಸಿಂಡ್ರೋಮ್ ಮಗು ನಿಧಾನವಾಗಿ ಕಲಿಯುತ್ತದೆ, ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಆದರೆ ನಗುತ್ತದೆ, ಹಟ ಮಾಡುತ್ತದೆ, ಶಾಲೆಗೂ ಹೋಗುತ್ತದೆ. ನಿರ್ಧಾರಕ್ಕೆ ಮೊದಲು ಅಂಥ ಮಕ್ಕಳ ಶಾಲೆಯೊಂದಕ್ಕೆ ಹೋಗಿ, ಅಲ್ಲಿನ ಒಬ್ಬ ತಾಯಿಯ ಹತ್ತಿರ ಅರ್ಧ ಗಂಟೆ ಮಾತಾಡಿ. ಜೆನೆಟಿಕ್ ಕೌನ್ಸೆಲರ್ ಹೇಳದ್ದನ್ನು ಆಕೆ ಹೇಳುತ್ತಾರೆ. ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ನಾನು ತಪ್ಪಿಸಬೇಕೆಂದಿರುವುದು ಮಗುವಿನ ನೋವನ್ನೋ, ಜನ ಏನಂತಾರೋ ಎಂಬ ಭಯವನ್ನೋ? ಇದೇ ಸೂಜಿಯನ್ನು ಹೆಣ್ಣೋ ಗಂಡೋ ನೋಡಲು ಬಳಸಿದ್ದಕ್ಕೇ ಅಲ್ಲವೇ 1994ರಲ್ಲಿ ಕಾನೂನು ಬಂದದ್ದು!

ಹಾಗಂತ ತೆಗೆಸಿದವರೆಲ್ಲ ಕಲ್ಲುಮನಸ್ಸಿನವರು ಎನ್ನುವುದನ್ನು ನಾನು ಒಪ್ಪುವುದಿಲ್ಲ. 'ಇಟ್ಟುಕೋ' ಎನ್ನುವವರು ಸೋಮವಾರ ಬೆಳಿಗ್ಗೆ ಮಗುವನ್ನು ಫಿಸಿಯೋಥೆರಪಿಗೆ ಕರೆದೊಯ್ಯಲು ಬರುವುದಿಲ್ಲ. 'ತೆಗೆಸು' ಎನ್ನುವವರೂ ಅಷ್ಟೆ, ಆಮೇಲೆ ಹಾಲು ಬಂದು ಎದೆ ಬಿಗಿದಾಗ ಪಕ್ಕದಲ್ಲಿರುವುದಿಲ್ಲ. (ನಾಲ್ಕೈದು ತಿಂಗಳಿಗೆ ತೆಗೆಸಿದರೂ ಹಾಲು ಬರುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.)

2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ, ಹೊಟ್ಟೆಯಲ್ಲಿದ್ದ ಮಗುವಿಗೆ ಗಂಭೀರ ಹೃದಯದೋಷವೆಂದು ಹೈಕೋರ್ಟಿಗೆ ಹೋದರು. ಆಗಿನ ಮಿತಿ 20 ವಾರ, ಅದು ದಾಟಿತ್ತು. ಕೋರ್ಟ್ ಒಪ್ಪಲಿಲ್ಲ. ಕೆಲ ದಿನಗಳಲ್ಲೇ ಆಕೆಗೆ ಗರ್ಭಪಾತವಾಯಿತು. 2021ರ ತಿದ್ದುಪಡಿ ಬಂದ ಮೇಲೆ, ಮಗುವಿಗೆ ಗಂಭೀರ ದೋಷವಿದ್ದರೆ ಇಬ್ಬರು ವೈದ್ಯರ ಒಪ್ಪಿಗೆಯಿಂದ 24 ವಾರದವರೆಗೆ ತೆಗೆಸಬಹುದು. ಆಮೇಲೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಅಂದರೆ ಗಾಬರಿಯಲ್ಲಿ ಎರಡೇ ದಿನದಲ್ಲಿ ತೀರ್ಮಾನಿಸಬೇಕಿಲ್ಲ.

ಇನ್ನೊಂದು ವಿಷಯ. ಒಪ್ಪಿಗೆ ಪತ್ರಕ್ಕೆ 'ಗಂಡನ ಸಹಿ ಬೇಕು' ಅಂತ ಆಸ್ಪತ್ರೆಯವರು ಹೇಳಬಹುದು. 18 ವರ್ಷ ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಹೆಣ್ಣಿಗೆ ಕಾನೂನು ಅದನ್ನು ಕೇಳುವುದಿಲ್ಲ, ನಿಮ್ಮ ಸಹಿಯೊಂದೇ ಸಾಕು. ಬೇಡವೆಂದರೆ ಅತ್ತೆಯಾಗಲಿ ಗಂಡನಾಗಲಿ ನಿಮ್ಮ ಪರವಾಗಿ ಹಾಕುವಂತೆಯೂ ಇಲ್ಲ.